ಕೊಟೇಷನ್

ಭಟ್ಟಿಯ ಬಾಗಿಲಲ್ಲೇ ನಿಂತು ದಾದಾಪೀರ್ ಸಾಬರು ಕೇಳಿದರು:
"ಒಟ್ಟು ಎಷ್ಟಾಕ್ಕತಿ? ಒಂದ್ ಮಾತಿನಾಗ ಹೇಳಿಬಿಡು."
ಒಂದು ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು.
ಹದಿನೈದು ದಿನದಿಂದ ಕೆಲಸವಿರಲಿಲ್ಲ,
ಹುಡುಗರಿಬ್ಬರು ಲಗೇಜ್ ಆಟೋದಲ್ಲಿ ಕೂತು
ನನ್ನ ಬಾಯನ್ನೇ ನೋಡುತ್ತಿದ್ದರು.

ಆಗ ಬೆನ್ನ ಹಿಂದೆ ಮೂಗಪ್ಪ ಮೇಸ್ತ್ರಿ ಕೆಮ್ಮಿದ ಹಾಗಾಯಿತು.
ಸತ್ತು ಆರು ವರ್ಷ; ಕೆಮ್ಮು ಮಾತ್ರ ನನ್ನ ಹತ್ತಿರವೇ ಉಳಿದಿದೆ.
"ನೆಲದ ಮ್ಯಾಲೆ ನಿಂತು ಸೂರಿನ ರೇಟು ಹೇಳಾವ
ತನ್ನ ಮನಿ ಮಾರಿ ಮಂದಿ ಮನಿ ಹೊದಸ್ತಾನ.
ಏಣಿ ಹಾಕಲೇ."

ಹಾಕಿದೆ.

ಮೇಲಿರುವುದು ಬೇರೆಯದೇ ದಾವಣಗೆರೆ.
ದೂರದಲ್ಲಿ ಹೊಗೆ ಮರೆತ ಮಿಲ್ಲಿನ ಚಿಮಣಿ,
ಇಲ್ಲಿ ಕಾಲಡಿ, ನರ್ಗಿಸ್ ಮಂಡಕ್ಕಿ ಹುರಿದ ಮೂವತ್ತು ವರ್ಷದ ಹೊಗೆ
ತಗಡಿನ ಅಲೆ ಅಲೆಯಲ್ಲಿ ಡಾಂಬರಿನಂತೆ ಹೆಪ್ಪುಗಟ್ಟಿದೆ.
ಒಂಟಿ ಚಪ್ಪಲಿ. ಗಾಳಿಪಟದ ದಾರ.
ಹಿಂದಿನವನು ಹೊಡೆದ ಮೊಳೆ, ಅಲೆಯ ನೆತ್ತಿ ಬಿಟ್ಟು ತಗ್ಗಿಗೆ!
ನೀರು ಹರಿಯುವಲ್ಲೇ ತೂತು ಕೊರೆದು
ಆಮೇಲೆ ಮಳೆಗೆ ಬೈದಿರುತ್ತಾನೆ ಪುಣ್ಯಾತ್ಮ.

ಟೇಪು ಎಳೆದೆ. ಉದ್ದ ಅರವತ್ತೆರಡು,
ಇಳಿಜಾರಿನ ಮೈ ಹದಿನೇಳು.
ಕೆಳಗೆ ನೆಲ ಅಳೆದವನಿಗೆ ಹದಿನಾರೇ ಸಿಗುತ್ತದೆ.
ಆ ಒಂದಡಿ, ಅರವತ್ತೆರಡು ಸಲ, ಎರಡೂ ಮಗ್ಗುಲಿಗೆ
ನೂರಿಪ್ಪತ್ತನಾಲ್ಕು ಚದರಡಿ ಯಾರ ಜೇಬಿನಿಂದ?
ಶೀಟಿನ ಮೇಲೆ ಶೀಟು ಒಂದೂವರೆ ಅಲೆ ಮಲಗಬೇಕು, ಅದು ಬೇರೆ.
ಹುಕ್ಕು, ವಾಷರು, ಹಳೆಯದನ್ನು ಇಳಿಸುವ ಕೂಲಿ,
ಇಳಿಸಿದ್ದನ್ನು ಹೊರುವ ಟ್ರ್ಯಾಕ್ಟರು,
ಮಳೆ ಬಂದು ಹಾಳಾಗುವ ಒಂದು ದಿನ.
"ಕೆಟ್ಟ ದಿನಕ್ಕೂ ಪಗಾರ ಐತಿ, ಬರಕೋ."
ಬರೆದುಕೊಂಡೆ.

ಕೊನೆಗೆ ಸ್ಕ್ರೂಡ್ರೈವರಿನಿಂದ ತೊಲೆಗೆ ಚುಚ್ಚಿದೆ.
ಬೆಲ್ಲದ ಅಚ್ಚಿಗೆ ಇಳಿದ ಹಾಗೆ ಇಳಿಯಿತು
ಹಿಡಿಯವರೆಗೆ.

"ತೊಲಿ ಅಬ್ಬಾ ಹಾಕ್ಸಿದ್ದು, ಗಟ್ಟಿ ಅದಾವು.
ನೀ ಶೀಟಷ್ಟೇ ಹಾಕು" ಅಂದರು ಸಾಬರು.
ಒಳಗೆ ನಾಲ್ಕು ಜನ ಹೆಂಗಸರು ಚೀಲ ತುಂಬುತ್ತಿದ್ದರು,
ಒಬ್ಬಳು ಹಲ್ಲಲ್ಲಿ ದಾರ ಕಚ್ಚಿಕೊಂಡು ಬಾಯಿ ಹೊಲಿಯುತ್ತಿದ್ದಳು,
ತಲೆಯ ತುಂಬ ಬಿಳಿ ಹುಡಿ.
"ಶೀಟಷ್ಟೇ ಆದ್ರ ನನ್ನ ಕೈಲಿ ಆಗಂಗಿಲ್ಲ ಸಾಬ್ರ."
ಹುಡುಗರ ಮುಖ ನೋಡಲಿಲ್ಲ ನಾನು.
ದಾರಿಯಲ್ಲಿ ಮಿರ್ಚಿ ಕೊಡಿಸಿದೆ; ತಿಂದರು, ಮಾತಾಡಲಿಲ್ಲ.

ಮುಂದಿನ ವಾರವೇ ಹರಿಹರದವನೊಬ್ಬ ಬಂದು ಹೊದಿಸಿ ಹೋದ.
ನೀಲಿ ಶೀಟು, ನನ್ನ ಅರ್ಧ ರೇಟು.
ನಾಲ್ಕು ಬೇಸಿಗೆ ಕಳೆಯಿತು. ಬಿದ್ದಿಲ್ಲ.
ಸಿಕ್ಕಾಗ ಒಳಗೆ ಕರೆದು ಚಹಾ ಕುಡಿಸುತ್ತಾರೆ ಸಾಬರು,
ಒಂದು ಬೆರಳು ಸುಮ್ಮನೆ ಮೇಲೆತ್ತಿ ತೋರಿಸಿ ನಗುತ್ತಾರೆ.
ನಾನೂ ನಗುತ್ತೇನೆ,
ಬಿಸಿಬಿಸಿ ಕುಡಿದು ಬೇಗ ಹೊರಗೆ ಬರುತ್ತೇನೆ.

ಏಪ್ರಿಲ್ಲಿನ ರಾತ್ರಿ, ಮಳೆಗೆ ಮುಂಚಿನ ಗಾಳಿ ಎದ್ದಾಗ
ಎಚ್ಚರವಾಗಿಬಿಡುತ್ತದೆ.
ಲೆಕ್ಕ ತಪ್ಪಿರಲಿ ನಂದು, ಅಂದುಕೊಳ್ಳುತ್ತೇನೆ ಕತ್ತಲಲ್ಲಿ,
ಇದೊಂದು ಲೆಕ್ಕ
ತಪ್ಪಿರಲಿ.