ಕವಲಿನ ಮೂಲಿ

ತೊಗರಿ ಕಾಳಿನಷ್ಟು ಉಬ್ಬಿದೆ, ಅಂದೆ.
ಕೆಂಪು ತೊಗರಿನೋ ಬಿಳೇದೋ, ಕೇಳಿದರು ಲಾಡ್ಲೆಸಾಬ್.
ನಕ್ಕೆವು. ಆಮೇಲೆ ನಗಲಿಲ್ಲ.

ನೌಬಾದಿನ ಸುರಂಗ ಬಾವಿಗೆ ಇಳಿದು ಹೂಳೆತ್ತಿದ ಕೈ
ಈಗ ಬೀದರಿನ ಆಸ್ಪತ್ರೆಯ ಸ್ಟೂಲಿನ ಮೇಲೆ
ಸ್ಕ್ಯಾನಿನ ಲಕೋಟೆ ಹಿಡಿದು ಕೂತಿದೆ.
ಪರದೆಯಲ್ಲಿ ಅವರದೇ ತಲೆಯ ರಕ್ತನಾಳ,
ಎರಡು ರಾತ್ರಿ ಕಂಪ್ಯೂಟರು ಹರಿಸಿದ ರಕ್ತ:
ನೀಲಿಯೆಂದರೆ ಜೊಂಪು, ಕೆಂಪೆಂದರೆ ಉಜ್ಜಾಟ.

ನಾನು ತೋರಿಸುವ ಮೊದಲೇ ಬೆರಳಿಟ್ಟರು.
"ಕವಲಿನ ಮೂಲಿ ಇದು. ನೀರು ಸೀದಾ ಬಂದು
ಗ್ವಾಡಿಗಿ ಬಡೀತದ, ಗಿರಕಿ ಹೊಡೀತದ,
ಹೊಡದ್ ಹೊಡದ್ ಕಲ್ಲ ಮೆತ್ತಗ ಮಾಡ್ತದ.
ಕೆಂಪುಗಲ್ಲು ಮ್ಯಾಲ ಗಟ್ಟೀನೇ ಕಾಣ್ತದ್ರಿ ಮೇಡಂ,
ತಟ್ಟಿದ್ರ ಗೊತ್ತಾಗೂದು."

ತಟ್ಟಲಾಗದು. ಅದಕ್ಕೇ ಈ ಲೆಕ್ಕ.
ನೂರರಲ್ಲಿ ಒಬ್ಬರಿಗೆ ಒಡೆಯಬಹುದು ಅನ್ನುವ ಪುಸ್ತಕ
ಆ ಒಬ್ಬರ ಹೆಸರು ಬರೆಯುವುದಿಲ್ಲ.
ಇವರ ತಿರುವು, ಇವರ ಬಿ.ಪಿ., ಇವರ ನಾಡಿ
ಎಲ್ಲ ತುಂಬಿದೆ;
ಗೋಡೆ ಎಷ್ಟು ತೆಳುವೋ ಸ್ಕ್ಯಾನಿಗೆ ಕಾಣಲಿಲ್ಲ,
ಅಲ್ಲಿ ಊಹಿಸಿದೆ.
ಊಹಿಸಿದೆನೆಂದು ಹೇಳಿದೆ ಕೂಡ.

ಬಹಳ ಹೊತ್ತು ಸುಮ್ಮನಿದ್ದರು.
ಹೊರಗೆ ಯಾರೋ ಟೋಕನ್ ನಂಬರು ಕೂಗುತ್ತಿದ್ದರು.

"ಇಳಿಯೂಕಿಂತ ಮುಂಚೆ ಹಗ್ಗಕ್ಕ ಕಟ್ಟಿ
ದೀಪ ಬಿಡ್ತಿದ್ವಿ. ಆರಿದ್ರ ಇಳೀತಿದ್ದಿಲ್ಲ.
ನಿಮ್ಮ ದೀಪ ಏನಂತದ?
ಆರ್ಯದೋ, ಉರೀಲಾಕತ್ತದೋ?"

ಮೈಸೂರಿನ ನನ್ನ ಬಾಯಿಗೆ ಅವರ ಮಾತೇ ಬಂತು:
ಹೊಯ್ದಾಡ್ತದ.

ಜೇಬಿನಿಂದ ಬೀಡಿ ಕಟ್ಟು ತೆಗೆದು
ಕೀಬೋರ್ಡಿನ ಪಕ್ಕ ಇಟ್ಟರು.
"ಡಾಕ್ಟರಿಗಿ ಹೇಳ್ರಿ, ತಾರೀಕು ಬರೀಲಿ."