ಎರಡನೇ ಬಟ್ಟಲು

ಮೂವತ್ತೊಂದು ಪ್ರಬಂಧ.
ಮೊಖೋಟ್ಲಾಂಗಿನ ಜೂನ್ ಚಳಿಗೆ
ಕೆಂಪು ಪೆನ್ನಿನ ಶಾಯಿ ಗಟ್ಟಿಯಾಗಿದೆ.
ಕಂಕುಳಲ್ಲಿಟ್ಟು ಬಿಸಿ ಮಾಡಿ, ಎರಡು ಸಾಲು ತಿದ್ದಿ, ಮತ್ತೆ ಇಟ್ಟು
ಹೀಗೇ ಸಾಗಿದೆ ರಾತ್ರಿ. ಸೀಮೆಎಣ್ಣೆ ಒಲೆ ಕೆಮ್ಮುತ್ತದೆ.

ಕತೆ ಇಷ್ಟೇ, ನಾಲ್ಕು ಪುಟ:
ಗಣಿಗೆ ಹೋದ ಗಂಡನ ಬಸ್ಸಿಗೆ ಕಾದು,
ಬಸ್ಸು ಬಂದು, ಅವನು ಬಾರದೆ,
ಮನೆಗೆ ಮರಳಿದ ಹೆಂಗಸು
ಮೇಜಿನ ಮೇಲಿದ್ದ ಎರಡೂ ಬಟ್ಟಲು ತೊಳೆದು
ಬೋರಲು ಹಾಕುತ್ತಾಳೆ. ಮುಗಿಯಿತು.

ಮೊಲೆಫಿ ಈ ನಾಲ್ಕು ಪುಟವನ್ನು
ಐದು ಪುಟದಲ್ಲಿ ಮತ್ತೆ ಹೇಳಿದ್ದಾನೆ.
ಆಮೇಲೆ ಬಸ್ಸು ಬಂತು, ಆಮೇಲೆ ಬಾಗಿಲು ತೆರೆಯಿತು, ಆಮೇಲೆ.
ಮಗೂ, ಕತೆ ನಾನೂ ಓದಿದ್ದೇನೆ.
ದಾರಿಯ ಊರುಗಳ ಹೆಸರು ಕೂಗುತ್ತ ಹೋಗುವುದು
ಕಂಡಕ್ಟರನ ಕೆಲಸ.
ನಿನಗೆ ಕಿಟಕಿಯ ಸೀಟು ಕೊಟ್ಟಿದ್ದೆನಲ್ಲ?

ಪುಸೆಲೆತ್ಸೊ ಶುರು ಮಾಡುವುದೇ
'ಅನಾದಿ ಕಾಲದಿಂದಲೂ ಮಾನವನು' ಎಂದು.
ಅನಾದಿಯಿಂದ ಹೊರಟವಳು
ನಿಲ್ದಾಣ ಮುಟ್ಟುವಷ್ಟರಲ್ಲಿ ಗಂಟೆ ಬಾರಿಸಿದೆ.

ಖೌಹೆಲೊಗೆ
ಬೂದು ಕಂಬಳಿ ಸಾವಿನ ಸಂಕೇತ, ಬಸ್ಸು ಕಾಲದ ಸಂಕೇತ,
ಕೆಟಲು ತಾಯ್ತನದ್ದು,
ಬಾಗಿಲ ಬಳಿಯ ಕೋಳಿ, ಸ್ವಾತಂತ್ರ್ಯ.
ಅಂಗಡಿಯಲ್ಲಿ ಉಳಿದಿದ್ದ ಅಗ್ಗದ ಕಂಬಳಿ ಅದೊಂದೇ ಎಂದು
ಎರಡನೇ ಪುಟದಲ್ಲಿ ಕತೆಯೇ ಹೇಳುತ್ತದಲ್ಲೇ.
ಪಾಪ, ಆ ಕೋಳಿಯನ್ನಾದರೂ
ಕೋಳಿಯಾಗಿ ಇರಗೊಡಬಾರದೆ?

ಇನ್ನೊಬ್ಬನ ಹಾಳೆಯಲ್ಲಿ ಕತೆಯಿಂದೆತ್ತಿದ ಸಾಲುಗಳು
ಕರೆಯದೆ ಬಂದ ನೆಂಟರ ಹಾಗೆ ಹೊಸ್ತಿಲಲ್ಲಿ ನಿಂತಿವೆ.
ಬಾ ಅನ್ನುವವರಿಲ್ಲ,
ಯಾಕೆ ಬಂದೆ ಅಂತಲೂ ಕೇಳುವವರಿಲ್ಲ.
ಮತ್ತೊಬ್ಬಳು: 'ಒಂದು ರೀತಿ ಅವಳು ದುಃಖಿ, ಒಂದು ರೀತಿ ಅಲ್ಲ.'
ಅಡ್ಡಗೋಡೆಯ ಮೇಲಿಟ್ಟ ದೀಪಕ್ಕೆ
ಎಷ್ಟು ಅಂಕ ಕೊಡಲಿ?

ಕೊನೆಯದು ಸೆಖೋಬೆಯದು.
ಏಳು ವರ್ಷ ಕುರಿ ಕಾದು
ಹತ್ತೊಂಬತ್ತಕ್ಕೆ ಈ ಬೆಂಚು ಹತ್ತಿದವನು.
ಒಂದೂವರೆ ಪುಟ, ನನ್ನ ಟಿಪ್ಪಣಿಯ ತದ್ರೂಪು,
'ಅತ್ಯಂತ ಮಾರ್ಮಿಕವಾಗಿ' ಎಂಬ ನನ್ನದೇ ಮಾತು
ನನ್ನದೇ ಕಾಗುಣಿತದ ತಪ್ಪಿನ ಸಮೇತ.

ಮೊನ್ನೆ ಇವನೇ
ಶಾಲೆಯ ಹಿಂದಿನ ಹಿಮದಲ್ಲಿ ಬಗ್ಗಿ ನೋಡಿ
'ಕುಂಟು ಕುರಿಯೊಂದು ಹೋಗಿದೆ ಇಲ್ಲಿ, ಮೆ ಲಿನೆಓ' ಎಂದಿದ್ದ.
ಹೇಗೆ ಹೇಳುತ್ತೀ?
'ನೋಡಿ, ಹಿಂದಿನ ಎಡಗೊರಸು ಆಳಕ್ಕಿಳಿದಿಲ್ಲ.
ಭಾರ ಹಾಕಲು ಹೆದರಿದೆ.'
ಹೇಳಿಕೆ, ಗುರುತು, ಕಾರಣ.
ಮೂರು ತಿಂಗಳು ಹಲಗೆಯ ಮೇಲೆ ಬರೆದು ಬರೆದು ಅಳಿಸಿದ್ದನ್ನು
ಒಂದು ಕುರಿಗೋಸ್ಕರ ಮಾಡಿ ಮುಗಿಸಿದ್ದ.
ನಾನು, ಚಳಿ, ಒಳಗೆ ನಡಿ ಎಂದಿದ್ದೆ.

ಹಾಳೆಯ ಅಡಿಯಲ್ಲಿ
ಗೀಚಿ ಗೀಚಿ ಹೊಡೆದು ಹಾಕಿದ ಒಂದು ಸಾಲು.
ಉಳಿದೆಡೆ ಕಾಗದ ಮುಟ್ಟಿಯೂ ಮುಟ್ಟದಂತಿದ್ದ ಪೆನ್ನು
ಇಲ್ಲಿ ಆಳಕ್ಕಿಳಿದಿದೆ.
ಬೆನ್ನಿಗೆ ಮೂಡಿದ ಉಬ್ಬನ್ನು ದೀಪಕ್ಕೆ ಹಿಡಿದು
ಅಕ್ಷರ ಅಕ್ಷರ ತಡವಿ ಓದಿದೆ:
'ಎರಡನೇ ಬಟ್ಟಲಲ್ಲಿ ಯಾರೂ ಕುಡಿದಿರಲಿಲ್ಲ.
ಮತ್ತೆ ತೊಳೆದದ್ದು ಯಾಕೆ?'

ಹದಿನಾಲ್ಕು ವರ್ಷ ಈ ಕತೆ ಪಾಠ ಮಾಡಿದ್ದೇನೆ.
ಬಟ್ಟಲು: ಶೂನ್ಯತೆಯ ಸಂಕೇತ. ಟಿಪ್ಪಣಿ, ಏಳನೇ ಅಂಶ.
ಖೌಹೆಲೊ, ನಿನ್ನ ಕೋಳಿಗೆ ಕಾಳು ಹಾಕಿದವಳು ನಾನೇ.

ಧೂಳು ಕೂತಿತ್ತೆಂದೋ?
ಕೈಗೊಂದು ಕೆಲಸ ಬೇಕೆಂದೋ?
ತೊಳೆದರೆ, ಯಾರೋ ಕುಡಿದು ಎದ್ದು ಹೋದ ಹಾಗೆ
ಗೊತ್ತಿಲ್ಲ.

ಪೆನ್ನು ಕಂಕುಳಿಂದ ತೆಗೆದೆ.
ಹೊಡೆದು ಹಾಕಿದ್ದನ್ನು ಇಟ್ಟುಕೋ, ಸೆಖೋಬೆ,
ಇಲ್ಲಿಂದ ಶುರು ಮಾಡು ಎಂದು ಬರೆಯುವಷ್ಟರಲ್ಲಿ
ಶಾಯಿ ಮತ್ತೆ ನಿಂತಿತು.
ಅಂಕದ ಜಾಗ ಖಾಲಿ.

ಎದ್ದು, ಚಹಾದ ಬಟ್ಟಲು ತೊಳೆಯಲು ಹೋದರೆ
ನಲ್ಲಿಯಲ್ಲಿ ನೀರು ಕಲ್ಲಾಗಿತ್ತು.