ಅಲುಗದ್ದು

ಕಣ್ಣು ಮುಚ್ಚಿ ಹಾಲು ಕುಡಿಯುವ ಜಾತಿಯಲ್ಲ ನಮ್ಮದು;
ಕಣ್ಣು ಬಿಟ್ಟುಕೊಂಡೇ, ನನ್ನನ್ನೇ ನೋಡುತ್ತ,
ಸೋಫಾದ ಎಡತೋಳನ್ನು ಪರಚಿ ದಾರ ಎಳೆಯುತ್ತದೆ.
ಹಸಿರು ಮಖಮಲ್ಲು. ಮೂರು ಕಂತು ಇನ್ನೂ ಬಾಕಿ.
ಹೆಸರು ಬೂರಾ. ಬೆಟ್ಟದಿಂದಿಳಿದು ನಮ್ಮ ರಿಯೇಕಾ ಬಂದರಿನಲ್ಲಿ
ಹೆಂಚು ಹಾರಿಸುವ ಗಾಳಿಗೂ ಅದೇ ಹೆಸರು.
ಇಟ್ಟವನು ವ್ಯೇಕೊ. ನನ್ನನ್ನು ಕೇಳಲಿಲ್ಲ.

ಮೊದಲ ಕಂಬ ತಂದವಳು ನಾನು. ಅಗ್ಗದ್ದು.
ಮೊಣಕಾಲೆತ್ತರ, ತುದಿಗೊಂದು ಪುಕ್ಕದ ಚೆಂಡು,
ಒಳಗೆ ಪೊಳ್ಳು ರಟ್ಟು.
ಬೂರಾ ಹಿಂಗಾಲ ಮೇಲೆದ್ದು, ಬೆನ್ನು ನೀಳವಾಗಿ ಎಳೆದು
ಉಗುರು ನೆಟ್ಟಿತೋ ಇಲ್ಲವೋ
ಕಂಬವೇ ಅದರ ಮೇಲೆ ಬಿತ್ತು.
ಆಮೇಲೆ ಆ ಮೂಲೆಯ ಕಡೆ ತಿರುಗಿಯೂ ನೋಡಲಿಲ್ಲ.
ಮನುಷ್ಯರಾದರೆ ಎರಡನೇ ಸಲ ನಂಬುತ್ತೇವೆ,
ಮೂರನೇ ಸಲವೂ.
ನಾನಂತೂ ನಂಬಿದ್ದೇನೆ.

ಶನಿವಾರ ಬಸ್ಸು ಹಿಡಿದು ದೊಡ್ಡ ಅಂಗಡಿಗೆ ಹೋದೆವು.
ಮೂವತ್ತೊಂದು ವರ್ಷ ಹಡಗು ಕಟ್ಟುವ ಕಾರ್ಖಾನೆಯಲ್ಲಿ
ಹಗ್ಗ, ಸರಪಳಿ, ಕೊಂಡಿ;
ಯಾವುದು ತಾಳುತ್ತದೆ, ಯಾವುದು ತಾಳದು ಎಂದು
ಬರೀ ಕೈಯಿಟ್ಟು ಹೇಳುತ್ತಿದ್ದವನು ವ್ಯೇಕೊ.
ಮೊದಲನೆಯದರ ನೆತ್ತಿ ಹಿಡಿದ.
"ಅಲುಗುತ್ತಿದೆ."
ಎರಡನೆಯದು. "ಅಲುಗುತ್ತಿದೆ."
ಐದನೆಯದು ನನ್ನ ಎದೆಯೆತ್ತರ, ಬುಡ ಚಪ್ಪಡಿಯಷ್ಟು ಅಗಲ.
"ಇದೂ."

ಅಂಗಡಿಯ ಹುಡುಗಿ, ಎದೆಯ ಚೀಟಿಯಲ್ಲಿ ನೆವಿಯಾ ಎಂದಿತ್ತು,
ಇದರ ತೂಕ ಹದಿನೆಂಟು ಕಿಲೊ ಎನ್ನಲು ಬಾಯಿ ತೆರೆದವಳು
ಅವನ ಕೈ ನೋಡಿ ಸುಮ್ಮನಾದಳು.
ನಾನು ಬೆಲೆಚೀಟಿ ಓದಿದೆ. ಮತ್ತೊಮ್ಮೆ ಓದಿದೆ.

ಬಲಗೈ. ಹೋದ ಚಳಿಗಾಲದಿಂದ.
ಚಮಚ ಬಸಿಯ ಅಂಚಿಗೆ ತಾಗಿ ಕಿಣಿಕಿಣಿ ಅಂದರೆ
ಗಾಳಿಗೆ ಕಿಟಕಿಯ ಗಾಜು ಅದುರಿದ್ದೆಂದು
ಇಬ್ಬರೂ ಒಪ್ಪಿಕೊಂಡಿದ್ದೆವು,
ಗಾಳಿಯಿಲ್ಲದ ದಿನಗಳಲ್ಲೂ.

"ಮಗಳೇ, ನೀನೊಮ್ಮೆ ಹಿಡಿದು ಹೇಳು," ಅಂದ ವ್ಯೇಕೊ.
"ಕಂಬವೋ, ನಾನೋ?"
ಅವಳು ಅಂಗೈ ಊರಿದಳು. ಮೈಭಾರವನ್ನೆಲ್ಲ ಹಾಕಿ ನೂಕಿದಳು.
"ನೀವು," ಅಂದಳು.
ದನಿ ತಗ್ಗಿಸಲಿಲ್ಲ; ತೂಕ ಹೇಳುವ ದನಿಯಲ್ಲೇ.
ಅವನು ನಕ್ಕ, ಅಂಗಡಿಯ ಗಿಳಿಗಳು ಬೆಚ್ಚಿಬೀಳುವಷ್ಟು ಜೋರಾಗಿ.
"ಹಾಗಾದರೆ ಕಂಬ ಗಟ್ಟಿ. ಕಟ್ಟಿಕೊಡು."

ಎಂಬತ್ತೊಂಬತ್ತು ಯೂರೊ ತೆತ್ತ ಕಂಬದ ಹಗ್ಗವನ್ನು
ಮನೆಗೆ ಬಂದವನೇ ಬಿಚ್ಚಿಹಾಕಿದ.
"ಇದು ಸುತ್ತಿದ್ದಲ್ಲ, ಹೊದಿಸಿದ್ದು."
ನೆಲದ ಮೇಲೆ ಕೂತು, ಕಂಬವನ್ನು ತೊಡೆಗಳ ನಡುವೆ ಇರುಕಿಸಿ,
ಒಂದು ಸುತ್ತು, ಒಂದು ಜಗ್ಗು,
ಸುತ್ತಿಗೆಯ ಹಿಡಿಯಿಂದ ಒಂದು ಏಟು.
ಹಗ್ಗ ಬಿಗಿದಾಗ ಕೈ ನಿಲ್ಲುತ್ತಿತ್ತು.
ಬೆವರೊರೆಸಲು ಬಿಟ್ಟರೆ ಮತ್ತೆ ಶುರು.
ಬಟಾಣಿ ಸುಲಿಯುತ್ತ ನಾನು ನೋಡಿದೆ.
ಅವನೂ ನೋಡಿದ್ದಿರಬೇಕು:
ನೆತ್ತಿ ಹತ್ತಿರ ಬಂದಂತೆ ನಿಧಾನವಾದ,
ಒಂದು ಗೇಣಷ್ಟನ್ನು ಸರಿಯಿಲ್ಲವೆಂದು ಬಿಚ್ಚಿ
ಮತ್ತೆ ಸುತ್ತಿದ.
ಚೆನ್ನಾಗಿಯೇ ಇತ್ತು ಅದು.

ಮೂರು ದಿನ ಬೂರಾ ಮೂಸಿಯೂ ನೋಡಲಿಲ್ಲ.
ನಾಲ್ಕನೆಯ ರಾತ್ರಿ ಹೊರಗೆ ಅದರ ಹೆಸರಿನ ಗಾಳಿ,
ಬಂದರಿನ ದೋಣಿಗಳೆಲ್ಲ ಕಂಬಕ್ಕೆ ತಂತಿ ಬಡಿದು ಗಲಾಟೆ.
ಅದರ ನಡುವೆ, ಮನೆಯೊಳಗೆ, ಕರ್ರ್, ಕರ್ರ್.
ನನ್ನ ಸೋಫಾ! ಎಂದು ಬರಿಗಾಲಲ್ಲಿ ಓಡಿದೆ.

ದೀಪ ಹಾಕಿರಲಿಲ್ಲ. ಕಂಬದ ನೆತ್ತಿಯ ಮೇಲೆ ವ್ಯೇಕೊನ ಬಲಗೈ.
ಕೆಳಗೆ ಬೂರಾ, ಮೂಗಿನಿಂದ ಬಾಲದವರೆಗೆ ಒಂದೇ ಗೆರೆ,
ಹತ್ತು ಉಗುರೂ ಹಗ್ಗದಲ್ಲಿ.
"ಅಲುಗುತ್ತಿದೆಯಾ?" ಎಂದೆ.
"ಬೆಕ್ಕನ್ನು ಕೇಳು," ಅಂದ.